ಬಾಟಲಿಯ ಸಣ್ಣ ಅಕ್ಷರ, ಪರದೆಯ ದೊಡ್ಡ ಅಕ್ಷರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ತಂಪು ಪಾನೀಯಗಳನ್ನು ಮತ್ತು ಅವುಗಳ ಬಗ್ಗೆ ಬರುವ ಸುದ್ದಿಗಳನ್ನು ಕುರಿತವು. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ನಾಲ್ಕು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಕಳೆದ ತಿಂಗಳು ಟಿ.ವಿ.ಯಲ್ಲಿ ‘ನೀವು ಕುಡಿಯುತ್ತಿರುವುದು ವಿಷ’ ಎಂದು ಅರ್ಧ ಗಂಟೆ ತೋರಿಸಿದರು. ಕೋಲಾದಲ್ಲಿ ಹಾಕಿಟ್ಟ ಹಲ್ಲು ಒಂದೇ ರಾತ್ರಿಯಲ್ಲಿ ಕರಗಿಹೋಗುತ್ತದೆ ಎಂಬ ಸಂದೇಶವೂ ಅದೇ ದಿನ ಮೊಬೈಲಿಗೆ ಬಂತು. ಎಂಟನೆಯ ತರಗತಿಯ ನನ್ನ ಮಗನಿಗೆ ಸಂಜೆ ಮಂಡಕ್ಕಿ ಮಿರ್ಚಿ ತಿಂದ ಮೇಲೆ ತಂಪು ಪಾನೀಯ ಬೇಕೇ ಬೇಕು. ಅದನ್ನು ಮನೆಗೇ ತರಬಾರದು ಎಂದು ಅತ್ತೆಯವರು ಹೇಳುತ್ತಾರೆ; ಟಿ.ವಿ.ಯವರು ಹೇಳುವುದೆಲ್ಲ ಸುಳ್ಳು ಎಂದು ನಮ್ಮ ಯಜಮಾನರು ಹೇಳುತ್ತಾರೆ. ಯಾರ ಮಾತು ಸರಿ?
ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಹಲ್ಲಿನ ಕತೆಯನ್ನು ಮೊದಲು ನೋಡೋಣ, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ. ಆ ಕತೆ ಮೊಬೈಲಿಗಿಂತ ಬಹಳ ಹಳೆಯದು. 1950ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕ್ಲೈವ್ ಮೆಕೇ ಅವರು ಅಲ್ಲಿನ ಸಂಸತ್ತಿನ ಸಮಿತಿಯೊಂದರ ಮುಂದೆ, ಕೋಲಾದಲ್ಲಿಟ್ಟ ಹಲ್ಲು ಎರಡು ದಿನಗಳಲ್ಲಿ ಮೆತ್ತಗಾಗಿ ಕರಗತೊಡಗುತ್ತದೆ ಎಂದು ಹೇಳಿದ್ದರು. ಎರಡು ದಿನಗಳಲ್ಲಿ ಮೆತ್ತಗಾದ ಆ ಹಲ್ಲು ಬಾಯಿಂದ ಬಾಯಿಗೆ ಹೋಗುತ್ತ ಒಂದೇ ರಾತ್ರಿಯಲ್ಲಿ ಇಲ್ಲವಾಯಿತು. ಕೋಲಾದ ಹುಳಿಗೆ ಮುಖ್ಯ ಕಾರಣ ಅದರಲ್ಲಿರುವ ಫಾಸ್ಫಾರಿಕ್ ಆಮ್ಲ. ಹುಳಿಯನ್ನು ಅಳೆಯುವ ಅಂಕಿಗೆ ಪಿಎಚ್ ಎನ್ನುತ್ತಾರೆ, ಅದು ಇಳಿದಷ್ಟೂ ಹುಳಿ ಹೆಚ್ಚು. ಕೋಲಾದ ಪಿಎಚ್ ಸುಮಾರು 2.5ರಷ್ಟಿರುತ್ತದೆ, ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರವಾದ ಎನಾಮಲ್ ಕರಗಲು ಆರಂಭವಾಗುತ್ತದೆ. ನಿಂಬೆರಸದ ಹುಳಿಯೂ ಹೆಚ್ಚುಕಡಿಮೆ ಕೋಲಾದಷ್ಟೇ ತೀಕ್ಷ್ಣ. ಆದರೆ ಇವುಗಳನ್ನು ಯಾರೂ ರಾತ್ರಿಯಿಡೀ ಬಾಯಲ್ಲಿ ಇಟ್ಟುಕೊಳ್ಳುವುದಿಲ್ಲ, ಮತ್ತು ಬಾಯೊಳಗಿನ ಜೊಲ್ಲು ಆಮ್ಲವನ್ನು ತೊಳೆದು ತಗ್ಗಿಸುತ್ತಲೇ ಇರುತ್ತದೆ. ಹಾಗೆಂದು ನಿಶ್ಚಿಂತರಾಗುವಂತಿಲ್ಲ: ಒಂದು ಬಾಟಲಿಯನ್ನು ಗುಟುಕು ಗುಟುಕಾಗಿ ಗಂಟೆಗಟ್ಟಲೆ ಹೀರುವ ಮಗುವಿನ ಹಲ್ಲು ವರ್ಷಗಳಲ್ಲಿ ನಿಜವಾಗಿಯೂ ಸವೆಯುತ್ತದೆ. ನಿಮ್ಮ ಮಗನಿಂದಲೇ ಮೊಟ್ಟೆಯ ಚಿಪ್ಪಿನ ಮೂರು ಚೂರುಗಳನ್ನು ನೀರು, ನಿಂಬೆರಸ ಮತ್ತು ಕೋಲಾದಲ್ಲಿ ಹಾಕಿಸಿ, ಪ್ರತಿದಿನ ನೋಡಿ ಬರೆದಿಡಲು ಹೇಳಿ. ತಾನೇ ಕಣ್ಣಾರೆ ಕಂಡದ್ದು ಅವನಿಗೆ ಅಜ್ಜಿಯ ಬೈಗುಳಕ್ಕಿಂತಲೂ ತಂದೆಯ ಸಮರ್ಥನೆಗಿಂತಲೂ ಹೆಚ್ಚು ತಿಳಿಸುತ್ತದೆ.

ಇನ್ನು ‘ವಿಷ’ ಎಂಬ ಮಾತು. ನಿಮ್ಮ ಯಜಮಾನರು ಹೇಳುವಂತೆ ಎಲ್ಲವೂ ಸುಳ್ಳಲ್ಲ ಎನ್ನುವುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆಯಿದೆ. 2003ರ ಆಗಸ್ಟ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಎಂಬ ಸರ್ಕಾರೇತರ ಸಂಸ್ಥೆಯು 12 ತಂಪು ಪಾನೀಯಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಲಿಂಡೇನ್, ಡಿಡಿಟಿ, ಮೆಲಾಥಿಯಾನ್, ಕ್ಲೋರ್‌ಪೈರಿಫಾಸ್ ಮುಂತಾದ ಕೀಟನಾಶಕಗಳ ಶೇಷಗಳಿವೆ ಎಂದು ವರದಿ ಮಾಡಿತು. ಕಂಪನಿಗಳು ಅದನ್ನು ಬಲವಾಗಿ ಅಲ್ಲಗಳೆದವು. ಆಗ ಶರದ್ ಪವಾರ್ ಅವರ ಅಧ್ಯಕ್ಷತೆಯಲ್ಲಿ ಜಂಟಿ ಸಂಸದೀಯ ಸಮಿತಿ ರಚನೆಯಾಯಿತು, ಮತ್ತು 2004ರ ಫೆಬ್ರವರಿಯಲ್ಲಿ ಆ ಸಮಿತಿಯು ಶೇಷಗಳಿರುವುದು ನಿಜವೆಂದು ಒಪ್ಪಿಕೊಂಡಿತು. ಆದರೆ ಅಂದಿನ ಶೀರ್ಷಿಕೆಗಳನ್ನು ಓದಿದ ಬಹುಪಾಲು ಜನರಿಗೆ, ಕಾರ್ಖಾನೆಯವರು ಬೇಕೆಂದೇ ವಿಷ ಬೆರೆಸುತ್ತಿದ್ದಾರೆ ಎಂಬ ಭಾವನೆ ಬಂತು. ಆ ಸಂಸ್ಥೆಯು ಬೊಟ್ಟು ಮಾಡಿದ್ದು ಕಾರ್ಖಾನೆಗಳು ಬಳಸುತ್ತಿದ್ದ ಅಂತರ್ಜಲದ ಕಡೆಗೆ. ಅಂದರೆ ಅದೇ ನೆಲದಡಿಯ ನೀರನ್ನು ಎತ್ತಿ ಕುಡಿಯುವವರೆಲ್ಲರ ಪ್ರಶ್ನೆ ಅದಾಗಿತ್ತು. ಸಿದ್ಧಪಾನೀಯದಲ್ಲಿ ಎಷ್ಟು ಶೇಷ ಇರಬಹುದು ಎನ್ನುವುದಕ್ಕೆ ನಮ್ಮಲ್ಲಿ ಅಂದು ಮಿತಿಯೇ ನಿಗದಿಯಾಗಿರಲಿಲ್ಲ. ಈ ಎರಡು ಸಂಗತಿಗಳೇ ನಿಜವಾದ ಸುದ್ದಿ, ಮತ್ತು ದೊಡ್ಡ ಅಕ್ಷರದ ಕೆಳಗೆ ಅವೇ ಮುಚ್ಚಿಹೋದವು.

ಸುದ್ದಿಯನ್ನು ಅಳೆಯುವ ಒಂದು ಬಗೆಯನ್ನು ಇತ್ತೀಚಿನ ಉದಾಹರಣೆಯಿಂದ ತೋರಿಸುತ್ತೇನೆ. ನಮ್ಮ ರಾಜ್ಯದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಇಲಾಖೆಯು 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಯ 171 ಮಾದರಿಗಳ ಪೈಕಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿದೆ ಎಂದು ಪ್ರಕಟಿಸಿತು. ಅದೇ ವರ್ಷದ ಅಕ್ಟೋಬರ್ ವೇಳೆಗೆ ಕೇಕ್‌ಗಳ ಸುದ್ದಿ ಬಂತು: ಪರೀಕ್ಷಿಸಿದ್ದು 235 ಮಾದರಿ, ಅಸುರಕ್ಷಿತವಾಗಿದ್ದದ್ದು 12, ಉಳಿದ 223 ಸುರಕ್ಷಿತ. ಮೊದಲನೆಯದರಲ್ಲಿ ಹತ್ತಕ್ಕೆ ಆರು ಪ್ಲೇಟು ಕೆಟ್ಟದ್ದು, ಎರಡನೆಯದರಲ್ಲಿ ಇಪ್ಪತ್ತಕ್ಕೆ ಒಂದು ಕೇಕು ಕೆಟ್ಟದ್ದು. ಪರದೆಯ ಮೇಲೆ ಮಾತ್ರ ಎರಡಕ್ಕೂ ಒಂದೇ ‘ಕ್ಯಾನ್ಸರ್’, ಒಂದೇ ಕೆಂಪು ಬಣ್ಣ, ಒಂದೇ ಸಂಗೀತ. ಬೇಕರಿ ನಡೆಸುವವರಿಗೆ ಇದರಿಂದ ಆಗುವ ಅನ್ಯಾಯ ಒಂದು ಕಡೆ. ಎಲ್ಲವನ್ನೂ ಒಂದೇ ದನಿಯಲ್ಲಿ ಕೇಳಿ ಕೇಳಿ ಬೇಸತ್ತವರು ಗೋಬಿಯ ಎಚ್ಚರಿಕೆಯನ್ನೂ ಕೈಬಿಡುತ್ತಾರೆ ಎನ್ನುವುದು ಇನ್ನೊಂದು ಕಡೆ. ನನ್ನನ್ನು ಹೆಚ್ಚು ಕಾಡುವುದು ಈ ಎರಡನೆಯದು. ಆದ್ದರಿಂದ ಟಿ.ವಿ.ಯಲ್ಲಿ ‘ಪತ್ತೆಯಾಗಿದೆ’ ಎಂದಾಗ, ಎಷ್ಟರಲ್ಲಿ ಎಷ್ಟು, ಯಾವ ಮಿತಿಗೆ ಹೋಲಿಸಿ, ಪರೀಕ್ಷಿಸಿದವರು ಯಾರು ಎಂದು ಮನೆಯಲ್ಲಿ ಕೂತೇ ಕೇಳಿ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಇವುಗಳಲ್ಲಿ ಒಂದಕ್ಕೂ ಉತ್ತರ ಸಿಗದಿದ್ದರೆ ಅದನ್ನು ನಂಬಲು ನಿಮಗೆ ಕಾರಣವಿಲ್ಲ.

ಈಗ ಬಾಟಲಿಯ ಹಿಂಬದಿಯನ್ನು ಓದಿ. ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಹಾಗಾಗಿ ಮೊದಲು ಕಾರ್ಬೊನೇಟೆಡ್ ನೀರು, ಎರಡನೆಯದು ಸಕ್ಕರೆ. ಆಮೇಲೆ ಬರುವ, ಸೇರ್ಪಡೆ ಪದಾರ್ಥಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಐಎನ್‌ಎಸ್ ಸಂಖ್ಯೆಗಳನ್ನು ಕಂಡು ಅನೇಕರು ಬೆದರುತ್ತಾರೆ, ಆದರೆ 330 ಎಂದರೆ ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ, 300 ಎಂದರೆ ಸಿ ಜೀವಸತ್ವ, 338 ಫಾಸ್ಫಾರಿಕ್ ಆಮ್ಲ, 211 ಕೆಡದಂತೆ ಕಾಯುವ ಸೋಡಿಯಂ ಬೆಂಜೊಯೇಟ್. ಸಂಖ್ಯೆ ಇದ್ದ ಮಾತ್ರಕ್ಕೆ ವಿಷವಾಗುವುದಿಲ್ಲ. ತಾಯಿಯಾಗಿ ನೀವು ಚಿಂತಿಸಬೇಕಾದದ್ದು ಸಂಖ್ಯೆಯೇ ಇಲ್ಲದ ಆ ಎರಡನೆಯ ಪದಾರ್ಥದ ಬಗ್ಗೆ. ಸಾಮಾನ್ಯ ಕೋಲಾದ 100 ಮಿಲಿಯಲ್ಲಿ ಸುಮಾರು 10ರಿಂದ 11 ಗ್ರಾಂ ಸಕ್ಕರೆಯಿರುತ್ತದೆ. 250 ಮಿಲಿಯ ಸಣ್ಣ ಬಾಟಲಿಗೆ ಆರು ಟೀ ಚಮಚಕ್ಕಿಂತ ಹೆಚ್ಚು, 600 ಮಿಲಿಯದಕ್ಕೆ ಹದಿನೈದು ಚಮಚ. ದಿನದ ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇಕಡ 10ಕ್ಕಿಂತ ಕಡಿಮೆಯಿರಬೇಕು, ಶೇಕಡ 5ಕ್ಕೆ, ಅಂದರೆ ವಯಸ್ಕರಿಗೆ ಸುಮಾರು 25 ಗ್ರಾಂಗೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಒಂದು ಸಣ್ಣ ಬಾಟಲಿಗೇ ಆ ದಿನದ ಲೆಕ್ಕ ಮುಗಿಯಿತು. ಇದು ಗುಟ್ಟೇನೂ ಅಲ್ಲ, ಕಂಪನಿಯವರೇ ಅಚ್ಚು ಹಾಕಿಸಿ ಕೊಟ್ಟಿರುವ ಮಾಹಿತಿ. ಗುಟ್ಟಲ್ಲದ್ದರಿಂದಲೇ ಇದು ಸುದ್ದಿಯಾಗುವುದಿಲ್ಲ. ಅತ್ತೆಯವರ ತೀರ್ಮಾನ ಸರಿಗೆ ಹತ್ತಿರವಿದೆ, ಕಾರಣ ಬೇರೆ. ದಿನವೂ ಬೇಡ, ಜಾತ್ರೆಗೋ ಮದುವೆಗೋ ಒಮ್ಮೆ ಕುಡಿದರೆ ಹೆದರಬೇಕಾಗಿಲ್ಲ. ಮಿರ್ಚಿಯ ಖಾರಕ್ಕೆ ಒಂದು ಲೋಟ ಮಜ್ಜಿಗೆ ಸಾಕು.

ಪ್ರಶ್ನೆ: ಛತ್ತೀಸಗಢದ ರೈತರು ಬೆಳೆಗೆ ಕೋಲಾ ಸಿಂಪಡಿಸಿ ಹುಳ ಕೊಂದರೆಂದು ಓದಿದ್ದೇನೆ. ಹಾಗಾದರೆ ಅದರಲ್ಲಿ ಕೀಟನಾಶಕ ಇರುವುದು ಖಚಿತವಾಯಿತಲ್ಲವೇ?
ಮೆಕ್ಕೆಜೋಳ ಬೆಳೆಗಾರ, ಜಗಳೂರು ತಾಲ್ಲೂಕು

ಉತ್ತರ: ಆ ಸುದ್ದಿ 2004ರದು, ದುರ್ಗ್ ಮತ್ತು ಸುತ್ತಲಿನ ಜಿಲ್ಲೆಗಳ ರೈತರು ಹಾಗೆ ಮಾಡಿದ್ದು ನಿಜ. ಆದರೆ ನೀವು ತಲುಪಿದ ತೀರ್ಮಾನ ಲೆಕ್ಕಕ್ಕೆ ನಿಲ್ಲುವುದಿಲ್ಲ, ಮತ್ತು ಈ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕ್ಲೋರ್‌ಪೈರಿಫಾಸ್ 20 ಇಸಿ (ಶೇಕಡ 20ರಷ್ಟು ವಿಷವಿರುವ ದ್ರಾವಣ) ಔಷಧಿಯನ್ನು ಲೀಟರ್ ನೀರಿಗೆ 2 ಮಿಲಿಯಂತೆ ಬೆರೆಸಿದರೆ, ಆ ಒಂದು ಲೀಟರಿನಲ್ಲಿ ಸುಮಾರು 400 ಮಿಲಿಗ್ರಾಂ, ಅಂದರೆ ನಾಲ್ಕು ಲಕ್ಷ ಮೈಕ್ರೋಗ್ರಾಂ ವಿಷವಿರುತ್ತದೆ. ದೆಹಲಿಯ ಅದೇ ಸಂಸ್ಥೆ 2006ರಲ್ಲಿ ಮತ್ತೆ ಪರೀಕ್ಷಿಸಿದಾಗ ತಂಪು ಪಾನೀಯಗಳಲ್ಲಿ ಕಂಡ ಒಟ್ಟು ಶೇಷದ ಸರಾಸರಿ ಲೀಟರಿಗೆ ಸುಮಾರು 12 ಮೈಕ್ರೋಗ್ರಾಂ. ಎರಡರ ನಡುವೆ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚಿನ ಅಂತರವಿದೆ. ಡ್ರಮ್ಮಿನಲ್ಲಿ ಔಷಧಿಯನ್ನು ಅಷ್ಟು ತೆಳುವಾಗಿ ಕಲಸಿ ಹೊಡೆದರೆ ಒಂದು ಹುಳುವೂ ಸಾಯುವುದಿಲ್ಲ ಎಂದು ನೀವೇ ಹೇಳುತ್ತೀರಿ. ಅಂದಿನ ಕೃಷಿ ತಜ್ಞರು ಕೊಟ್ಟ ವಿವರಣೆ ಸಕ್ಕರೆಯದು: ಸಿಹಿಗೆ ಇರುವೆಗಳು ಬಂದು ಮುತ್ತುತ್ತವೆ, ಬಂದವು ಹುಳುಗಳ ಮರಿಗಳನ್ನೂ ತಿನ್ನುತ್ತವೆ. 2018ರಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲಿ ಸೈನಿಕ ಹುಳು ಕಾಣಿಸಿಕೊಂಡ ಮೇಲೆ, ತೌಡಿಗೆ ಬೆಲ್ಲದ ನೀರು ಕಲಸಿ, ಹುಳಿ ಬರಿಸಿ, ಔಷಧಿ ಸೇರಿಸಿ ಮೆಕ್ಕೆಜೋಳದ ಸುಳಿಗೆ ಉದುರಿಸುವುದನ್ನು ನೀವು ಬಲ್ಲಿರಿ. ಅಲ್ಲಿ ಹುಳುವನ್ನು ಸೆಳೆಯುವುದು ಬೆಲ್ಲ, ಕೊಲ್ಲುವುದು ಔಷಧಿ. ಕೋಲಾದ ವಿಷಯದಲ್ಲಿ ಸೆಳೆಯುವ ಕೆಲಸ ಸಕ್ಕರೆಯದು, ಕೊಲ್ಲುವ ಕೆಲಸ ಇರುವೆಯದು.

ಇಷ್ಟು ಸೂಕ್ಷ್ಮ ಪ್ರಮಾಣವನ್ನು ನಿರ್ಲಕ್ಷಿಸಬಹುದೆಂದು ನಾನು ಹೇಳುತ್ತಿಲ್ಲ. ಹುಳುವನ್ನು ಕೊಲ್ಲದ ಪ್ರಮಾಣವೂ ವರ್ಷಗಟ್ಟಲೆ ದೇಹ ಸೇರಿದರೆ ತೊಂದರೆ ಕೊಡಬಹುದು ಎಂಬ ಕಾರಣಕ್ಕೇ ಮಿತಿಗಳಿರುವುದು. ಆದರೆ ಜಗಳೂರಿನವರೆಂದು ತಿಳಿದ ಮೇಲೆ ನಿಮಗೆ ಇನ್ನೊಂದು ಮಾತು ಹೇಳದಿರಲಾರೆ. ನಿಮ್ಮ ತಾಲ್ಲೂಕಿನಲ್ಲೂ ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲೂ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದಾಗ 1.5ರವರೆಗೆ ನಡೆಯಬಹುದು ಎಂಬುದು ಭಾರತೀಯ ಮಾನಕ. ಮಕ್ಕಳ ಹಲ್ಲಿನ ಹಳದಿ ಕಂದು ಕಲೆ, ಹಿರಿಯರ ಬಿಗಿದ ಕೀಲು, ಬಾಗಿದ ಬೆನ್ನು ಈ ನೀರು ಉಳಿಸಿಹೋಗುವ ಗುರುತುಗಳು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಕೋಲಾದಲ್ಲಿ ಹಲ್ಲು ಕರಗುವ ಕತೆ ಎಲ್ಲರ ಮೊಬೈಲಿನಲ್ಲಿದೆ, ಆದರೆ ನಿಮ್ಮೂರಿನ ಬಾವಿಯ ನೀರಿನ ಪರೀಕ್ಷಾ ವರದಿ ಎಷ್ಟು ಮನೆಗಳಲ್ಲಿದೆ? ಗ್ರಾಮ ಪಂಚಾಯ್ತಿಯಲ್ಲಿ ಅದನ್ನು ಕೇಳಿ ಪಡೆಯಿರಿ.

ಪ್ರಶ್ನೆ: ಸಕ್ಕರೆ ಕಾಯಿಲೆಯಿರುವ ನಾನು ಡಯಟ್ ಪಾನೀಯ ಕುಡಿಯುತ್ತೇನೆ. ಅದರಲ್ಲಿರುವ ಆಸ್ಪರ್ಟೇಮ್ ಎಂಬ ಸಿಹಿಕಾರಕ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತಂತೆ. ಅಡಿಕೆಯ ಮೇಲೂ ಅವರದೇ ಆರೋಪ. ಇವರನ್ನು ನಂಬಬೇಕೇ?
ಅಡಿಕೆ ಬೆಳೆಗಾರ, ಚನ್ನಗಿರಿ

ಉತ್ತರ: ಆ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2023ರ ಜುಲೈನಲ್ಲಿ ಆಸ್ಪರ್ಟೇಮನ್ನು ‘2ಬಿ’ ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರುವ ಸಾಧ್ಯತೆಯಿದೆ, ಆದರೆ ಸಾಕ್ಷ್ಯ ಸೀಮಿತ ಎಂಬುದು ಅದರ ಅರ್ಥ. ಈ ಗುಂಪುಗಳು ಸಾಕ್ಷ್ಯ ಎಷ್ಟು ಗಟ್ಟಿ ಎಂದು ಹೇಳುತ್ತವೆಯೇ ಹೊರತು ವಸ್ತು ಎಷ್ಟು ಅಪಾಯಕಾರಿ ಎಂದು ಹೇಳುವುದಿಲ್ಲ. ಪ್ರಮಾಣವನ್ನು ನೋಡುವ ಇನ್ನೊಂದು ಸಮಿತಿ ಅದೇ ದಿನ, ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. ಕ್ಯಾನಿಗೆ 200ರಿಂದ 300 ಮಿಲಿಗ್ರಾಂ ಇದ್ದರೆ, 70 ಕಿಲೋ ತೂಕದವರು ಆ ಮಿತಿ ದಾಟಲು ದಿನಕ್ಕೆ 9ರಿಂದ 14 ಕ್ಯಾನ್ ಕುಡಿಯಬೇಕು. 25 ಕಿಲೋ ತೂಕದ ಮೊಮ್ಮಗನಿಗೆ ಮಾತ್ರ ಮೂರರಿಂದ ಐದು ಕ್ಯಾನ್‌ಗೇ ಮಿತಿ ಮುಗಿಯುತ್ತದೆ. ತೂಕ ಇಳಿಸಲು ಇಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದು ಅದೇ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿತ್ತು. ಸಕ್ಕರೆ ಕಾಯಿಲೆ ಇದ್ದವರನ್ನು ಆ ಸಲಹೆಯಿಂದ ಹೊರಗಿಟ್ಟಿತ್ತು. ನೀವು ಆಗಾಗ ಒಂದು ಲೋಟ ಕುಡಿದರೆ ಭಯಪಡಬೇಕಿಲ್ಲ.

ಅಡಿಕೆಯ ವಿಷಯದಲ್ಲಿ ನಿಮಗೆ ಪ್ರಿಯವಾಗದ ಉತ್ತರವನ್ನೇ ಕೊಡಬೇಕಾಗಿದೆ. 2004ರಲ್ಲಿ ಪ್ರಕಟವಾದ ಅವರ ಸಂಪುಟದಲ್ಲಿ ಅಡಿಕೆ ಇರುವುದು ಒಂದನೆಯ ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎಂಬ ಗುಂಪಿನಲ್ಲಿ, ಮತ್ತು ಅದಕ್ಕೆ ಆಧಾರ ವರ್ಷಾನುಗಟ್ಟಲೆ ಜಗಿದವರ ಬಾಯಿಯಲ್ಲಿ ಕಂಡ ರೋಗಗಳು. ಆಸ್ಪರ್ಟೇಮ್ ವಿರುದ್ಧದ ಸಾಕ್ಷ್ಯಕ್ಕಿಂತ ಇದು ಬಹಳ ಗಟ್ಟಿ. ಕಂಪನಿಯ ಬಾಟಲಿಯ ಮೇಲಿನ ದುರ್ಬಲ ಆರೋಪವನ್ನು ಒಪ್ಪಿ, ನಮ್ಮ ತೋಟದ ಬೆಳೆಯ ಮೇಲಿನ ಬಲವಾದ ಆರೋಪವನ್ನು ತಳ್ಳಿಹಾಕಿದರೆ ನಾವು ಬಳಸುತ್ತಿರುವುದು ಎರಡು ತಕ್ಕಡಿ. ಬೆಳೆಗಾರರ ಬದುಕಿನ ಪ್ರಶ್ನೆ ಬಹಳ ದೊಡ್ಡದು, ಅದಕ್ಕೆ ಸರ್ಕಾರ ಉತ್ತರ ಹುಡುಕಲೇಬೇಕು. ಆದರೆ ಸಾಕ್ಷ್ಯವನ್ನು ಅಲ್ಲಗಳೆಯುವುದರಿಂದ ಆ ಉತ್ತರ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯ ಹತ್ತಿರದ ಅಂಗಡಿಯಲ್ಲಿ ಹೆಸರೇ ಕೇಳಿರದ ಬಣ್ಣದ ಪಾನೀಯಗಳನ್ನೂ ಎನರ್ಜಿ ಡ್ರಿಂಕ್‌ಗಳನ್ನೂ ಮಕ್ಕಳಿಗೆ ಮಾರುತ್ತಾರೆ. ನಾವು ಏನು ಮಾಡಬಹುದು?
ಶಿಕ್ಷಕಿ, ಚಿತ್ರದುರ್ಗ

ಉತ್ತರ: ಮೊದಲು ಆ ಬಾಟಲಿಯ ಮೇಲೆ ತಯಾರಕರ ವಿಳಾಸ, ತಯಾರಿಸಿದ ದಿನಾಂಕ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇವೆಯೇ ನೋಡಿ. ಇಲ್ಲದಿದ್ದರೆ ಅದೊಂದೇ ದೂರಿಗೆ ಸಾಕು. ಸಾಮಾನ್ಯ ಪಾನೀಯದಲ್ಲಿ ಕೆಫೀನ್ ಲೀಟರಿಗೆ 145 ಮಿಲಿಗ್ರಾಂ ಮೀರಬಾರದು. ಮೀರಿದ್ದನ್ನು ಕೆಫೀನ್ ಪಾನೀಯವೆಂದು ಮಾರಬೇಕು, ಮತ್ತು ಅದು ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಸೂಕ್ತವಲ್ಲವೆಂದು ಬರೆದಿರಬೇಕು. ಆ ಸಾಲನ್ನು ಮಕ್ಕಳಿಂದಲೇ ತರಗತಿಯಲ್ಲಿ ಓದಿಸಿ. ಪಾನೀಯದಲ್ಲೇ ಅನುಮಾನವಿದ್ದರೆ ವಿಡಿಯೋ ಮಾಡಿ ಹರಿಯಬಿಡುವ ಮುನ್ನ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ಲಿಖಿತ ದೂರು ಕೊಡಿ. 2006ರ ಆಹಾರ ಸುರಕ್ಷತೆ ಮತ್ತು ಮಾನಕಗಳ ಕಾಯ್ದೆಯ 40ನೆಯ ಕಲಂ ಪ್ರಕಾರ, ಕೊಂಡವರು ಯಾರೇ ಆಗಲಿ, ಪರೀಕ್ಷೆ ಮಾಡಿಸುವುದಾಗಿ ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ನಿಗದಿತ ಶುಲ್ಕ ಕಟ್ಟಿ, ಆಹಾರ ವಿಶ್ಲೇಷಕರಿಂದ ವರದಿ ಪಡೆಯಬಹುದು. ದೋಷ ಸಾಬೀತಾದರೆ ಕಟ್ಟಿದ ಶುಲ್ಕ ವಾಪಸು ಬರುತ್ತದೆ. ದೂರು ಕೊಟ್ಟ ದಿನಾಂಕವನ್ನೂ ಸ್ವೀಕೃತಿ ಪತ್ರವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.