ಅನನ್ಯಾಗೆ ಇನ್ನೊಂದು 'ಎನ್' ಬೇಕಾ?

ಸಂಖ್ಯಾಶಾಸ್ತ್ರದವರು ಹೇಳಿದರು ಅಂತ ಮಗಳು ಅನನ್ಯಾಳ ಇಂಗ್ಲಿಷ್ ಸ್ಪೆಲಿಂಗಿಗೆ ನಡುವೆ ಇನ್ನೊಂದು 'ಎನ್', ಕೊನೆಗೆ ಒಂದು 'ಎಚ್' ಸೇರಿಸಲಾ ಅಂತ ಕೇಳಿದ್ದೀರಿ. ಸೇರಿಸಲೇಬೇಕು ಅಂದ್ರೆ 'ಎಚ್' ಒಂದೇ ಸಾಕು. ಆಗಲೂ ಎಲ್ಲರೂ ಅನನ್ಯಾ ಅಂತಲೇ ಓದುತ್ತಾರೆ. ಎರಡು 'ಎನ್' ಒಟ್ಟಿಗೆ ಬಂದರೆ ಬ್ಯಾಂಕಿನ ಕೌಂಟರಿನಲ್ಲಿ ಅವಳು 'ಅನ್ನನ್ಯಾ' ಆಗ್ತಾಳೆ, ಊಟದ ನೆನಪಾಗುತ್ತೆ ಅಷ್ಟೇ!

ಜನನ ಪ್ರಮಾಣಪತ್ರಕ್ಕೆ ಹೆಸರು ಕೊಡುವ ಮುಂಚೆಯೇ ತೀರ್ಮಾನಿಸಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿನ ಪುರಾವೆ ಅದೇ. ಹೆಸರಿಲ್ಲದೆ ನೋಂದಣಿ ಆಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಸುಮ್ನೆ ಅವಸರ ಬೇಡ. ಅರ್ಜಿಯಲ್ಲಿ ದೊಡ್ಡಕ್ಷರದಲ್ಲಿ ನೀವೇ ಬರೆಯಿರಿ. ಪತ್ರ ಕೈಗೆ ಬಂದಾಗ ಅಲ್ಲೇ ನಿಂತು ಒಂದೊಂದೇ ಅಕ್ಷರ ನೋಡಿಕೊಳ್ಳಿ.