ಕೈಲ್‌ಪೊಳ್ದ್ ದಿನ ಎದ್ದು ಹೊರಗೆ ಹೋಗ್ಬಿಟ್ಟೆ

ಪ್ರಶ್ನೆ: ಮೇಡಂ, ವಿರಾಜಪೇಟೆ ಹತ್ರ ನಂದೊಂದು ಸಣ್ಣ ಕಾಫಿ ತೋಟ, ವಯಸ್ಸು 43. ಜೂನ್‌ನಲ್ಲಿ ಬೇಲಿ ವಿಷಯಕ್ಕೆ ಜಗಳ ಆಗಿ ಪಕ್ಕದ ತೋಟದವನು ಕತ್ತಿ ಬೀಸಿದ, ತಲೆಗೆ ಬರ್ತಿದ್ದಿದ್ದಕ್ಕೆ ಕೈ ಅಡ್ಡ ಕೊಟ್ಟೆ, ಮೊಣಕೈ ಕೆಳಗೆ ನರ ಕಟ್ಟಾಗಿ ಮೈಸೂರಲ್ಲಿ ಆಪರೇಷನ್ ಮಾಡಿ ಜೋಡಿಸಿದ್ರು. ಕಿರುಬೆರಳು, ಉಂಗುರದ ಬೆರಳು ಈಗ್ಲೂ ಜೋಮು. ತೋಟದಲ್ಲಿ ಆಳುಗಳು ಕಾಡು ಕಡಿಯೋ ಸದ್ದು ಕೇಳಿದ್ರೆ ಮೈಯೆಲ್ಲ ಬೆವರುತ್ತೆ. ಕೈಲ್‌ಪೊಳ್ದ್ ದಿನ, ಅಂದ್ರೆ ನಮ್ಮ ಕೊಡವರ ಆಯುಧ ಪೂಜೆ ಹಬ್ಬದಲ್ಲಿ, ಕೋವಿ ಕತ್ತಿ ಪೂಜೆಗಿಟ್ಟಾಗ ಎದ್ದು ಹೊರಗೆ ಹೋಗ್ಬಿಟ್ಟೆ, ಎಲ್ಲರ ಮುಂದೆ ಮಾನ ಹೋಯ್ತು. ರಾತ್ರಿ ಎರಡು ಪೆಗ್ ಬಿದ್ರೇನೇ ನಿದ್ದೆ. ನಾನು ಹೇಡಿ ಆಗ್ಬಿಟ್ನಾ?

ಉತ್ತರ: ತಲೆಗೆ ಬಂದ ಕತ್ತಿಗೆ ಕೈ ಕೊಟ್ಟವರು ನೀವು, ಆಗ ಯೋಚ್ನೆ ಮಾಡಕ್ಕೂ ಟೈಮ್ ಇರ್ಲಿಲ್ಲ, ಮೈ ತಾನಾಗೇ ನಿಮ್ಮನ್ನ ಉಳಿಸ್ತು. ಆ ಮೈ ಇನ್ನೂ ಕಾವಲು ಬಿಟ್ಟಿಲ್ಲ, ಕತ್ತಿ ಕಂಡ್ರೆ ಸಾಕು ಮತ್ತೆ ಜೂನ್ ಬಂತು ಅಂದ್ಕೊಳ್ಳುತ್ತೆ. ಒಂದು ತಿಂಗಳು ದಾಟಿದ್ಮೇಲೂ ಹೀಗೇ ಇದ್ರೆ ಪಿಟಿಎಸ್‌ಡಿ, ಅಂದ್ರೆ ದೊಡ್ಡ ಆಘಾತ ಆದ್ಮೇಲೆ ಮನಸ್ಸಿಗೆ ಬರೋ ಕಾಯಿಲೆ, ಇದೆಯಾ ಅಂತ ಡಾಕ್ಟ್ರು ನೋಡ್ತಾರೆ, ಯುದ್ಧ ಮಾಡಿ ಬಂದ ಫೌಜಿಗಳಿಗೂ ಬರೋ ಕಾಯಿಲೆ ಅದು, ಅವರನ್ನ ಹೇಡಿ ಅನ್ನೋ ಧೈರ್ಯ ಕೊಡಗಲ್ಲಿ ಯಾರಿಗಿದೆ ಹೇಳಿ! ಮಡಿಕೇರಿ ಜಿಲ್ಲಾಸ್ಪತ್ರೆಲಿ ಮನೋವೈದ್ಯರನ್ನ ಕಾಣಿ, ಹೋಗಕ್ಕೆ ಮುಜುಗರ ಅಂದ್ರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಪೆಗ್ ವಿಷಯ ಸ್ವಲ್ಪ ಖಾರವಾಗೇ ಹೇಳ್ತೀನಿ. ಅದು ಮಲಗಿಸುತ್ತೆ, ಆದ್ರೆ ನಡುರಾತ್ರಿ ಎಬ್ಬಿಸೋದೂ ಅದೇ, ಕೆಟ್ಟ ಕನಸೂ ಜಾಸ್ತಿ. ನಿದ್ದೆಗೆಟ್ಟ ಮನುಷ್ಯ, ಕುಡಿತ, ಗೋಡೆ ಮೇಲೆ ಕೋವಿ, ಈ ಮೂರೂ ಒಂದೇ ಸೂರಿನ ಕೆಳಗೆ ಬೇಡ, ಹುಷಾರಾಗೋ ತನಕ ಕೋವಿ ಐನ್‌ಮನೆಲಿ, ಅಂದ್ರೆ ನಿಮ್ಮ ಕುಟುಂಬದ ಮೂಲ ಮನೆಲಿ, ಹಿರಿಯರ ಹತ್ರ ಇರ್ಲಿ.

ಬೆರಳಿನ ಬಗ್ಗೆ ಈಗ್ಲೇ ಆಸೆ ಬಿಡ್ಬೇಡಿ, ಜೋಡಿಸಿದ ನರ ದಿನಕ್ಕೆ ಹೆಚ್ಚುಕಮ್ಮಿ 1 ಮಿಲಿಮೀಟರ್ ಬೆಳೆಯುತ್ತೆ, ಮೊಣಕೈಯಿಂದ ಬೆರಳ ತುದಿಗೆ ಎಷ್ಟು ದೂರ ಅಂತ ನೀವೇ ಅಳೆದು ನೋಡಿ. ಫಿಸಿಯೋಥೆರಪಿ ತಪ್ಪಿಸ್ಬೇಡಿ, ಒಲೆ ಹತ್ರ ಜೋಪಾನ, ಆ ಬೆರಳು ಸುಟ್ರೂ ಗೊತ್ತಾಗಲ್ಲ.

ಕೇಸ್ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸ್ರು ನಿಮಗೆ ತಿಳಿಸ್ಬೇಕು, ಹೊಸ ಕಾನೂನಲ್ಲೇ ಇದೆ, ತಿಳಿಸಿಲ್ಲ ಅಂದ್ರೆ ಹೋಗಿ ಕೇಳಿ. ಪರಿಹಾರದ ವಿಷಯಕ್ಕೆ ಮಡಿಕೇರಿಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ವಿಚಾರಿಸಿ, ಆಸ್ಪತ್ರೆ ಬಿಲ್ಲು, ಎಫ್ಐಆರ್ ಕಾಪಿ ಎತ್ತಿಟ್ಕೊಂಡಿರಿ.

ಆ ಬೇಲಿ ಕಡೆಗೆ ಸದ್ಯಕ್ಕೆ ಒಬ್ಬರೇ ಹೋಗ್ಬೇಡಿ. ಬೆಳಿಗ್ಗೆ ಹೊತ್ತು, ಮನೆಯವರ ಜೊತೆ, ಅರ್ಧ ದಾರಿ ತನಕ ಹೋಗಿ ವಾಪಸ್ ಬನ್ನಿ.