ಎಂಎಸ್ ಇದ್ದವರಿಗೆ ರಕ್ತ ಬೇಗ ಹೆಪ್ಪುಗಟ್ಟುತ್ತದೆಯೇ?

ಪ್ರಶ್ನೆ: ನನ್ನ ಹೆಂಡತಿಗೆ 36 ವರ್ಷ. ಆರು ವರ್ಷದಿಂದ ಮಲ್ಟಿಪಲ್ ಸ್ಕ್ಲಿರೋಸಿಸ್, ಅಂದರೆ ಎಂಎಸ್ ಇದೆ (ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ). ಈ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟುವ ಚಟುವಟಿಕೆ ಜಾಸ್ತಿ, ಮಿದುಳಿನ ಗಾಯಗಳಿಗೂ ಅದಕ್ಕೂ ನಂಟಿದೆ ಎಂದು ಓದಿದೆ. ದಿನಕ್ಕೊಂದು ಆಸ್ಪಿರಿನ್ ಕೊಡಬಹುದೇ? ಮೂರು ವಾರದ ಹಿಂದೆ ಎಂಎಸ್ ಅಟ್ಯಾಕ್ ಆಗಿ, ಅಂದರೆ ಕಾಯಿಲೆ ಉಲ್ಬಣಿಸಿ, ಐದು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿಸಿದೆವು. ಆಮೇಲೆ ಹೆಚ್ಚಾಗಿ ಮಲಗಿಯೇ ಇರುತ್ತಾಳೆ. ನಾಲ್ಕು ದಿನದಿಂದ ಎಡಗಾಲು ಸ್ವಲ್ಪ ಊದಿದೆ.
— ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಕೊನೆಯಲ್ಲಿ ಬರೆದ ಒಂದು ಸಾಲೇ ನನಗೆ ಮೊದಲು ಕಂಡದ್ದು. ಪತ್ರ ಕೈಸೇರಿದ ದಿನವೇ ಫೋನಿನಲ್ಲಿ ಹೇಳಿದ್ದನ್ನು ಉಳಿದ ಓದುಗರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಓಡಾಟ ಕಡಿಮೆಯಾದ ಎಂಎಸ್ ರೋಗಿಗಳಿಗೆ ಎರಡೂ ಪಾದ ಊದುವುದು ಸಾಮಾನ್ಯ. ಒಂದೇ ಕಾಲು ಊದಿದರೆ ಲೆಕ್ಕ ಬೇರೆ. ಆಳದ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಕಾಲಿನ ಬಲ ಕುಂದಿದ್ದು, ಹಾಸಿಗೆ ಹಿಡಿದದ್ದು, ಸ್ಟೀರಾಯ್ಡ್, ಇವೆಲ್ಲ ಒಟ್ಟಿಗೇ ಸೇರಿವೆ. ಮೂತ್ರಕ್ಕೆ ಅವಸರವಾಗುತ್ತದೆಂದು ಎಷ್ಟೋ ರೋಗಿಗಳು ನೀರನ್ನೇ ಬಿಟ್ಟಿರುತ್ತಾರೆ, ಅದೂ ಒಳ್ಳೆಯದಲ್ಲ.

ಮನೆಯಲ್ಲೇ ಒಂದು ಅಂದಾಜು ಸಿಗುತ್ತದೆ. ಮಂಡಿಚಿಪ್ಪಿನ ಕೆಳಗೆ ಮುಂಗಾಲಿನ ಮೂಳೆಯ ಉಬ್ಬು ಕೈಗೆ ಸಿಗುತ್ತದಲ್ಲ, ಅಲ್ಲಿಂದ 10 ಸೆಂ.ಮೀ. ಕೆಳಗೆ ಬಟ್ಟೆ ಹೊಲಿಯುವವರ ಟೇಪು ಸುತ್ತಿ ಎರಡೂ ಕಾಲಿನ ಸುತ್ತಳತೆ ನೋಡಿ. 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅನುಮಾನ ಬಲವಾಯಿತು. ಕಡಿಮೆ ಇದ್ದರೂ ನಿರಾಳವಾಗಿ ಕೂರಬೇಡಿ. ಅದೇ ದಿನ ಕಾಲಿನ ಡಾಪ್ಲರ್ ಸ್ಕ್ಯಾನ್ (ರಕ್ತನಾಳದಲ್ಲಿ ರಕ್ತದ ಹರಿವು ನೋಡುವ ಪರೀಕ್ಷೆ) ಆಗಬೇಕು. ಅಲ್ಲಿಯವರೆಗೆ ದಯವಿಟ್ಟು ಎಣ್ಣೆ ಹಚ್ಚಿ ತಿಕ್ಕಬೇಡಿ. ನಮ್ಮ ಕಡೆ ಕಾಲು ಊದಿದರೆ ಮೊದಲು ಮಾಡುವುದೇ ಅದು. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಇದ್ದಕ್ಕಿದ್ದಂತೆ ಏದುಸಿರು ಬಂದರೆ, ಉಸಿರೆಳೆದಾಗ ಎದೆ ಚುಚ್ಚಿದರೆ ಸ್ಕ್ಯಾನ್ ಸೆಂಟರ್ ಹುಡುಕದೆ ನೇರ ತುರ್ತು ಚಿಕಿತ್ಸೆಗೆ ಹೋಗಿ.

ಇನ್ನು ನೀವು ಓದಿದ ವಿಷಯ. ಅದು ಸುಳ್ಳಲ್ಲ, ಆದರೆ ಅದು ಕಾಲಿನ ಹೆಪ್ಪಿನ ಕತೆಯಲ್ಲ. ಯಕೃತ್ತು ತಯಾರಿಸುವ ಫೈಬ್ರಿನೋಜೆನ್ ಎಂಬ ಪ್ರೋಟೀನ್ ರಕ್ತದಲ್ಲಿ ಸದಾ ಇರುತ್ತದೆ, ಮಿದುಳಿನೊಳಕ್ಕೆ ಮಾತ್ರ ಹೋಗುವಂತಿಲ್ಲ. ಎಂಎಸ್‌ನಲ್ಲಿ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಸೋರುತ್ತದೆ. ಸೋರಿದ ಫೈಬ್ರಿನೋಜೆನ್ ಅಲ್ಲಿ ಫೈಬ್ರಿನ್, ಅಂದರೆ ಹೆಪ್ಪಿನ ಎಳೆಗಳಾಗಿ ಕೂರುತ್ತದೆ, ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳನ್ನು ಕೆರಳಿಸುತ್ತದೆ. 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡವೊಂದು ತೀರಿಕೊಂಡ ರೋಗಿಗಳ ಮಿದುಳಿನ ಗಾಯಗಳಲ್ಲಿ ಹೆಪ್ಪುಗಟ್ಟುವಿಕೆಗೆ ಸಂಬಂಧಿಸಿದ ಪ್ರೋಟೀನ್‌ಗಳನ್ನು ಗುರುತಿಸಿತು. ಹೆಪ್ಪು ತಡೆಯುವ ಔಷಧ ಕೊಟ್ಟಾಗ ಎಂಎಸ್ ಹೋಲುವ ಕಾಯಿಲೆಯ ಇಲಿಗಳು ಚೇತರಿಸಿಕೊಂಡವು. ಇಲಿಗಳು!

ಮನುಷ್ಯರ ಮೇಲೂ ಪ್ರಯತ್ನ ನಡೆದದ್ದುಂಟು. ಮೂರ್ಛೆರೋಗಕ್ಕೆ ಫೆನಿಟಾಯಿನ್ ಔಷಧ ತಂದುಕೊಟ್ಟ ಇಬ್ಬರಲ್ಲಿ ಒಬ್ಬರಾದ ಅಮೆರಿಕದ ಟ್ರೇಸಿ ಪಟ್ನಮ್, ಎಂಎಸ್‌ಗೆ ಸಣ್ಣ ರಕ್ತನಾಳಗಳ ಹೆಪ್ಪೇ ಮೂಲವೆಂದು ನಂಬಿ 1940ರ ದಶಕದಲ್ಲಿ ಹೆಪ್ಪು ತಡೆಯುವ ಡೈಕುಮರಾಲ್ ಔಷಧ ಕೊಟ್ಟು ನೋಡಿದ್ದರು. ಅದು ಚಿಕಿತ್ಸೆಯಾಗಿ ನಿಲ್ಲಲಿಲ್ಲ.

ಆದ್ದರಿಂದ ಎಂಎಸ್‌ಗೆಂದು ಆಸ್ಪಿರಿನ್ ಬೇಡ. ಅದು ಹೆಪ್ಪುಗಟ್ಟಲು ನೆರವಾಗುವ ರಕ್ತಕಣಗಳಾದ ಪ್ಲೇಟ್‌ಲೆಟ್‌ಗಳನ್ನು ತಡೆಯುತ್ತದೆ, ಮಿದುಳಿಗೆ ಸೋರುವ ಫೈಬ್ರಿನೋಜೆನ್‌ಗೆ ಅದರಿಂದ ಕಡಿವಾಣ ಬೀಳದು. ಸ್ಟೀರಾಯ್ಡ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಬೇರೆ. ಕಾಲಿನಲ್ಲಿ ಹೆಪ್ಪು ಸಿಕ್ಕಿದರೂ ಆಸ್ಪಿರಿನ್ ಸಾಲದು, ಹೆಪರಿನ್ ಇಂಜೆಕ್ಷನ್ನೋ ಅದಕ್ಕೆಂದೇ ಇರುವ ಮಾತ್ರೆಯೋ ಬೇಕಾಗುತ್ತದೆ.

ಡಾಕ್ಟರ ಬಳಿ ಹೋದಾಗ ಎರಡು ಸಂಗತಿ ಮುಚ್ಚಿಡಬೇಡಿ. ನಿಮ್ಮ ಮನೆಯವರು ಹೆಪ್ಪಿನ ಸಾಧ್ಯತೆ ಹೆಚ್ಚಿಸಬಲ್ಲ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ? ಹಿಂದೆ ಮತ್ತೆ ಮತ್ತೆ ಗರ್ಭಪಾತ ಆಗಿತ್ತೇ? ಹಾಗೆ ಗರ್ಭಪಾತಕ್ಕೂ ಕಾರಣವಾಗುವ ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಎಂಬ ಹೆಪ್ಪುಗಟ್ಟುವ ಕಾಯಿಲೆಯಲ್ಲೂ ಎಂಆರ್‌ಐನಲ್ಲಿ ಎಂಎಸ್‌ನಂಥದೇ ಬಿಳಿ ಚುಕ್ಕೆಗಳು ಕಾಣಬಹುದು. ಅನುಮಾನ ಬಂದರೆ ಅದಕ್ಕೆ ರಕ್ತಪರೀಕ್ಷೆ ಇದೆ, 12 ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿಯೇ ಖಚಿತಪಡಿಸಿಕೊಳ್ಳುತ್ತಾರೆ.